ಹೊಳೆಗೆ ಬಿಡದ ದಬ್ಬೆಗಳು

ಘತ್ತರಗಿ
೧೨ ಜನವರಿ ೨೦೨೫, ರವಿವಾರ

ಚಿ. ಸೌ. ಭುವನೇಶ್ವರಿಗೆ ನಿನ್ನ ಅಪ್ಪನ ತುಂಬುಮನಸ್ಸಿನ ಆಶೀರ್ವಾದ.

ನಿನ್ನ ಪತ್ರ ಬಂದು ಏಳು ವಾರವಾಯಿತು. ನಡುವೆ ಫೋನಿನಲ್ಲಿ ನಾಲ್ಕು ಸಲ ಮಾತಾಡಿದೆವು. ನಾಲ್ಕೂ ಸಲ ನೀನು ಉತ್ತರ ಎಲ್ಲಿ ಎಂದು ಕೇಳಿದೆ, ನಾಲ್ಕೂ ಸಲ ನಾನು ತಪ್ಪನ್ನು ಕನ್ನಡಕದ ಮೇಲೆ ಹಾಕಿ ಪಾರಾದೆ. ಕನ್ನಡಕ ನೆಟ್ಟಗೇ ಇದೆ, ಸಿಟ್ಟಾಗಬೇಡ. ಇಲ್ಲಿ ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ಜೋಳ ತೆನೆ ಕಟ್ಟಿದೆ, ಭೀಮೆಯಲ್ಲಿ ಗುಡಿಯ ಮೆಟ್ಟಿಲಿನ ತನಕ ನೀರಿದೆ, ಆ ಮೆಟ್ಟಿಲ ಮೇಲೆ ಜನ ಜಾರಿ ಬೀಳುವುದೂ ನಿಂತಿಲ್ಲ. ಅಂದಮೇಲೆ ಎಲುಬು ಕಟ್ಟುವ ನನಗೆ ಕೈತುಂಬ ಕೆಲಸ.

ನಿನ್ನ ಪತ್ರದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಅಪ್ಪಾ, ಡಾಕ್ಟರ್ ಮೇಡಂ ನಿಮ್ಮ ಫಾರ್ಮು ತೋರಿಸಿದರು. ಮಕ್ಕಳ ಮೊಣಕೈ ಎಂಬಲ್ಲಿ 'ನೋಡುವುದಿಲ್ಲ' ಅಂತ ಯಾಕೆ ಬರೆಸಿದ್ದೀರಿ? ನನ್ನಂಥ ಕಿಡಿಗೇಡಿಗಳು ಪಟ್ಟಿ ಬಿಚ್ಚಿಕೊಳ್ಳುತ್ತಾರೆ ಅಂತಲೇ?" ನೀನು ನಗುತ್ತ ಬರೆದದ್ದು ನನಗೆ ಗೊತ್ತು. ಉತ್ತರ ಕೊಡದೆ ಈ ಪತ್ರ ಮುಗಿಸುವುದಿಲ್ಲ. ಆದರೆ ಮೊದಲು ಒಳ್ಳೆಯ ಸುದ್ದಿ ಬರೆಯುತ್ತೇನೆ, ಕೈ ಸ್ವಲ್ಪ ಸಡಿಲಾಗಲಿ.

ಹುಬ್ಬಳ್ಳಿಯ ಎಕ್ಸರೇ ಕೋಣೆಯಲ್ಲಿ ಕೂತು ನೀನು ನನ್ನ ಹೆಸರು ಕೊಟ್ಟೆ, ಕಲಬುರಗಿಯಿಂದ ಡಾಕ್ಟರ್ ಗೌಸಿಯಾಬೇಗಂ ತಮ್ಮ ಸಂಶೋಧನೆಗೆಂದು ಬಂದರು. ಎಲುಬು, ಕೀಲು, ಮಾಂಸಖಂಡ ನೋಡುವ ಅಲ್ಟ್ರಾಸೌಂಡ್ ಮಷಿನ್ನು ತರುತ್ತಾರೆಂದು ನಾನು ಪಡಸಾಲೆಯಿಂದ ಆರು ಜೋಳದ ಚೀಲ ಎತ್ತಿಸಿ ಜಾಗ ಮಾಡಿಟ್ಟಿದ್ದೆ. ಆ ಹುಡುಗಿ ಹೆಗಲಚೀಲದಿಂದ ಕ್ಷೌರದ ಮಷಿನ್ನಿನಷ್ಟೇ ಇದ್ದ ಒಂದನ್ನು ತೆಗೆದು, ಅದರ ವೈರನ್ನು ಟ್ಯಾಬಿಗೆ ಚುಚ್ಚಿ, "ಇಷ್ಟ ರೀ ಕಾಕಾ" ಎಂದಳು. ನಿನ್ನ ಅವ್ವ ಚೀಲಗಳನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ ನಕ್ಕಳು.

ಕರಾರು ಹೀಗಿತ್ತು. ಬಿದ್ದು ಬಂದವರು ಒಪ್ಪಿದರೆ ನಾನು ಎಂದಿನಂತೆ ಕಣ್ಣು ಮುಚ್ಚಿ ಬೆರಳಾಡಿಸಿ, ಮುರಿದಿದೆಯೋ ಇಲ್ಲವೋ ಹೇಳಬೇಕು. ಆಮೇಲೆ ಅವರು ಆ ಮಷಿನ್ನು ಇಟ್ಟು ನೋಡುತ್ತಾರೆ. ಕೊನೆಗೆ ಅಫಜಲಪುರದ ಎಕ್ಸರೇ ಯಾರದು ಸರಿ ಎಂದು ತೀರ್ಮಾನಿಸುತ್ತದೆ. ಅಲ್ಲಿಯ ತನಕ ನಾನು ಎಲುಬಿಗೆ ಕಟ್ಟುವ ಬಿದಿರಿನ ದಬ್ಬೆ ಮುಟ್ಟುವಂತಿಲ್ಲ. ಹೊರದೇಶದಲ್ಲಿ ಮಕ್ಕಳ ಮುಂಗೈಗೆ ಎಕ್ಸರೇ ಬದಲು ಇದನ್ನೇ ಇಟ್ಟು ನೋಡಿದ್ದಾರಂತೆ, ನಮ್ಮ ಹಳ್ಳಿಗಳಲ್ಲಿ ನಡೆಯುತ್ತದೋ ಇಲ್ಲವೋ ನೋಡಬೇಕಂತೆ. ಜನ ಹೆಚ್ಚು ಜಾರುವುದು ಅಮಾವಾಸ್ಯೆಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂದಾಗ ಎಂದು ಹೇಳಿಕೊಟ್ಟವನು ನಾನೇ, ಅದನ್ನು ಅವಳು ಬರೆದುಕೊಂಡಳು.

ಭುವನಾ, ನಲವತ್ತೈದು ವರ್ಷದಿಂದ ಬೆರಳಿನಿಂದ ಹುಡುಕಿದ್ದನ್ನು ಮೊದಲ ಸಲ ಕಣ್ಣಿನಿಂದ ನೋಡಿದೆ. ಎಲುಬು ಬೆಳ್ಳಗಿನ ಗೆರೆ. ಮುರಿದಲ್ಲಿ ಗೆರೆ ತಪ್ಪುತ್ತದೆ. ಅದರ ಮೇಲೆ ಮಾಂಸಖಂಡ, ಬೆರಳು ಅಲ್ಲಾಡಿಸಿದರೆ ಅದೂ ಒಳಗೆ ಜಾರುತ್ತದೆ. ನಿನಗೆ ಇದು ದಿನದ ಕೆಲಸ, ನಗಬೇಡ. ನಾನು ಆ ದಿನ ಊಟ ಮರೆತೆ.

ಮೂರು ತಿಂಗಳಲ್ಲಿ ಅರವತ್ತೊಂದು ಜನ. ಏಳು ಜನರ ಕೂದಲೆಳೆಯಂಥ ಬಿರುಕು ನನ್ನ ಬೆರಳಿಗೆ ಸಿಗಲಿಲ್ಲ. ಹಿಂದೆ ಆಗಿದ್ದರೆ ಎಣ್ಣೆ ತಿಕ್ಕಿ ಕಳಿಸಿಬಿಡುತ್ತಿದ್ದೆ. ಆದರೆ ಆಳಂದದ ಒಬ್ಬ ಹುಡುಗನ ಮುಂಗೈಗೆ ಟ್ಯಾಬು ತಾನೇ ಕೆಂಪು ಗುರುತು ಹಾಕಿ ಮುರಿದಿದೆ ಅಂದಿತು. ನಾನು ಇಲ್ಲ, ಅದು ಬೆಳೆಯುವ ಎಲುಬಿನ ಸಂದು ಅಂದೆ. ಎಕ್ಸರೇ ನನ್ನ ಕಡೆ ಬಂತು. "ನಿಮ್ಮ ಬೆರಳಿನ ಸುದ್ದಿ ನಮ್ಮ ಪ್ರಬಂಧದಾಗ ಬರೀತೇನಿ ಕಾಕಾ" ಎಂದಳು ಗೌಸಿಯಾ. ಎರಡು ದಿನ ನಾನು ಊರಲ್ಲಿ ಹೇಗೆ ನಡೆದಾಡಿದೆ ಎಂಬುದನ್ನು ನಿನ್ನ ಅವ್ವನನ್ನೇ ಕೇಳು.

ಅವಳೂ ಸುಮ್ಮನಿರಲಿಲ್ಲ. ಸೀರೆ ನೆರಿಗೆ ಎತ್ತಿ ಮೊಣಕಾಲು ಮುಂದೆ ಚಾಚಿ, "ಇದನ್ನೂ ಒಂದೀಟ ನೋಡವ್ವ" ಎಂದಳು. ಕೀಲಿನಲ್ಲಿ ನೀರು ತುಂಬಿತ್ತು, ಅಂಚು ಸವೆದಿತ್ತು. "ಹತ್ತು ವರ್ಷ ನಾ ಬಾಯಿಲೆ ಹೇಳಿದ್ದು ಇವರು ನಂಬಲಿಲ್ಲ, ಈಗ ಇಷ್ಟಗಲದ ಡಬ್ಬಿ ಹೇಳಿದ ಮ್ಯಾಲ ನಂಬಾಕತ್ತಾರ" ಎಂದು ಅವಳ ತಕರಾರು. ಈಗ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಬಂದ್. ಕಟ್ಟೆ ಕಟ್ಟಿಸಿದ್ದೇನೆ, ನಿಂತು ಬಡಿಯುತ್ತಾಳೆ, ನಿಂತೇ ಬೈಯುತ್ತಾಳೆ.

ಗೌಸಿಯಾ ಒಂದು ದಿನ ನಮ್ಮ ಪದ್ಧತಿ ಎಲ್ಲ ಕೇಳಿ ಬರೆದುಕೊಂಡಳು. ಎಲುಬು ಕೂಡಿದ ಮೇಲೆ ಕಟ್ಟಿದ ದಬ್ಬೆಗಳನ್ನು ಹೊಳೆಗೆ ಬಿಡುತ್ತೇವೆ ಎಂದು ಹೇಳಿದೆ. "ನೆಟ್ಟಗ ಕೂಡದಿದ್ದರ?" ಎಂದು ಕೇಳಿದಳು. ಅಂಥದನ್ನು ಬಿಡಬಾರದು, ಹೊಳೆ ತೆಗೆದುಕೊಳ್ಳುವುದಿಲ್ಲ ಎಂದು ನಮ್ಮಜ್ಜ ಹೇಳುತ್ತಿದ್ದರು ಅಂದೆ. ಹಾಗೆ ಉಳಿದವು ನಿಮ್ಮ ಹತ್ತಿರ ಇವೆಯೇ ಎಂದಳು. ನಾನು ನೀರು ಕುಡಿಯಲು ಎದ್ದುಹೋದೆ.

ಇನ್ನು ಛಟ್ಟಿ ಅಮಾವಾಸ್ಯೆಯ ಮಾತು. ಮೈತ್ರಿ ಎಂಬ ಎಂಟು ವರ್ಷದ ಕೂಸನ್ನು ಅವಳ ಅಜ್ಜಿ ಅಂಬುಬಾಯಿ ಎತ್ತಿಕೊಂಡು ಬಂದಳು. ಜೇವರ್ಗಿ ಕಡೆಯವರು, ಕೂಲಿ ಮಾಡುವ ಮಂದಿ. ಕೂಸು ಮೆಟ್ಟಿಲ ಮೇಲೆ ಜಾರಿ ಕೈಯೂರಿ ಬಿದ್ದಿತ್ತು. ಮೊಣಕೈ ಬಾತು ದಪ್ಪವಾಗಿತ್ತು. ನಾನು ದೂರದಿಂದಲೇ ನೋಡಿ, "ಇದು ನನ್ನ ಕೈಲೆ ಆಗಂಗಿಲ್ಲವ್ವ, ಅಫಜಲಪುರಕ್ಕ ಒಯ್ಯಿರಿ" ಅಂದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬರ ಮಣಿಕಟ್ಟು ಹಿಡಿದು ಕೂತಿದ್ದೆ. ಅಂಬುಬಾಯಿ ಆ ಮಣಿಕಟ್ಟನ್ನು ನೋಡಿದಳು, ನನ್ನ ಹಣೆಯ ವಿಭೂತಿ ನೋಡಿದಳು. ದನಿ ಎತ್ತದೆ ಕೇಳಿದಳು: "ಅವರ ಕೈ ಮುಟ್ಟತೀರಿ, ನಮ್ಮ ಕೂಸಿನ ಕೈ ಮುಟ್ಟಂಗಿಲ್ಲೇನ್ರಿ ಅಣ್ಣಾರ?"

ಪಡಸಾಲೆಯಲ್ಲಿ ಇಪ್ಪತ್ತು ಜನ ಇದ್ದರು. ಮನೆಯ ಗೋಡೆಯ ಮೇಲೆ ಬಸವಣ್ಣನ ಫೋಟೋ ಇತ್ತು. ಭುವನಾ, ಇಷ್ಟು ವರ್ಷದಲ್ಲಿ ನನಗೆ ಅಂಥ ಮಾತು ಯಾರೂ ಆಡಿರಲಿಲ್ಲ, ಆಡುವಂತೆ ನಾನೂ ನಡೆದಿರಲಿಲ್ಲ. ಆದರೆ ಅವಳು ಕಂಡದ್ದನ್ನೇ ಹೇಳಿದ್ದಳು. ನಾನು ಏನೋ ಸಬೂಬು ಹೇಳಿದ್ದರೆ ಅವಳು ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದಳು, ಜೀವನಪೂರ್ತಿ ಅದನ್ನೇ ನಂಬುತ್ತಿದ್ದಳು. ಹಾಗಾಗಿ ನಿಜ ಹೇಳಿದೆ.

"ನನ್ನ ಮಗಳ ಮೊಣಕೈ ನಾನ ಕೆಡಿಸೇನಿ ತಾಯಿ. ಅವತ್ತಿನಿಂದ ಯಾವ ಜಾತಿ ಕೂಸಿನ ಮೊಣಕೈನೂ ಮುಟ್ಟಿಲ್ಲ."

ಗೌಸಿಯಾ ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ನಿಂತ ನಿನ್ನ ಅವ್ವ ಕೈಲಿದ್ದ ತಂಬಿಗೆ ಕೆಳಗಿಟ್ಟಳು. ನಾನು ಎದ್ದು ಹೋಗಿ ಕೂಸಿನ ಪಕ್ಕ ಕೂತು ಅದರ ತೋಳು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಅಲುಗದಂತೆ ಹಿಡಿದೆ. ಗೌಸಿಯಾ ಮಷಿನ್ನು ಇಟ್ಟಳು. ಕೀಲಿನ ಹಿಂದಿನ ಕೊಬ್ಬನ್ನು ಒಳಗಿನ ರಕ್ತ ಮೇಲೆತ್ತಿತ್ತು, ಬಿಳಿ ಗೆರೆ ಮುರಿದು ಕೆಳಗಿನ ತುಂಡು ಒಳಕ್ಕೆ ಹೊರಳಿತ್ತು. "ಈ ಹೊರಳಿದ್ದು ಬೆರಳಿಗೆ ಸಿಗೂದಲ್ರಿ ಕಾಕಾ, ಬಾವಿನ ಕೆಳಗ ಅದ" ಎಂದಳು, ಮೆತ್ತಗೆ, ನನ್ನ ಒಬ್ಬನಿಗೇ ಎಂಬಂತೆ. ಇಪ್ಪತ್ತೆಂಟು ವರ್ಷದ ಹಿಂದೆ ನನಗೆ ಏನು ಸಿಗಲಿಲ್ಲವೋ ಅದು ಅಲ್ಲಿ ಬೆಳ್ಳಗೆ ಕಾಣುತ್ತಿತ್ತು.

ಅವರ ಜೀಪಿನಲ್ಲಿ ಅಫಜಲಪುರಕ್ಕೆ, ಅಲ್ಲಿಂದ ಕಲಬುರಗಿಗೆ. ತೋಳು ಹಿಡಿದು ನಾನೂ ಹೋದೆ. ಸಂಜೆಯೊಳಗೆ ಎಲುಬು ನೆಟ್ಟಗೆ ಮಾಡಿ ತಂತಿ ಹಾಕಿದರು. ಎಳ್ಳಮಾವಾಸ್ಯೆಯ ದಿನ ಅಜ್ಜಿ ಮೊಮ್ಮಗಳು ನಮ್ಮ ಮನೆಗೇ ಬಂದರು. ತಂತಿ ತೆಗೆದಾಗಿತ್ತು. ಕೂಸು ಎರಡೂ ಕೈ ಮುಂದೆ ಚಾಚಿ ತೋರಿಸಿತು, ಎರಡೂ ಒಂದೇ ಸಮ. ಅಂಬುಬಾಯಿ ಸಜ್ಜೆ ರೊಟ್ಟಿ, ಭಜ್ಜಿಪಲ್ಯ ಕಟ್ಟಿಕೊಂಡು ಬಂದಿದ್ದಳು. ನಾಲ್ವರೂ ಕೂತು ಉಂಡೆವು. ಭಜ್ಜಿ ನಿನ್ನ ಅವ್ವನದಕ್ಕಿಂತ ಚೆನ್ನಾಗಿತ್ತು, ಇದನ್ನು ಅವಳಿಗೆ ಹೇಳಬೇಡ.

ನಾನು ಸಂತೋಷವಾಗಿದ್ದೇನೆ ಮಗಳೇ. ನನ್ನ ಕೈ ಸೋತಿತೆಂದು ಅನಿಸಿಲ್ಲ. ಇನ್ನು ಮುಂದೆ ಬೆರಳಿನಿಂದ ನೋಡುತ್ತೇನೆ, ಅನುಮಾನ ಬಂದರೆ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇನೆ, ಅಲ್ಲಿ ನರ್ಸಮ್ಮನಿಗೆ ಆ ಮಷಿನ್ನು ಇಡಲು ಕಲಿಸುತ್ತಿದ್ದಾರೆ. ಅಳಿಯಂದಿರು ಸುನೀಲಕುಮಾರರಿಗೆ ನನ್ನ ಶರಣು ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಿಂದ ಸಾವಿರ ಮಂದಿಗೆ ಒಳ್ಳೆಯದಾಗಲಿ, ನೀನು ನೂರು ಕಾಲ ನಗುತ್ತ ಇರು.

ನಿನ್ನ ಅಪ್ಪ,
ಕಲ್ಲಿನಾಥ

ತಾ.ಕ.: ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಮೇಲೆ ಬಂತು. ಉಳಿದರ್ಧಕ್ಕೇ ಏಳು ವಾರ ಹಿಡಿಯಿತು.

ಪಂಚಮಿಯ ಜೋಕಾಲಿಯಿಂದ ನೀನು ಬಿದ್ದ ದಿನ ಅಫಜಲಪುರದ ಡಾಕ್ಟರು ಕಲಬುರಗಿಗೆ ಒಯ್ಯಿರಿ ಅಂದಿದ್ದರು. ಎಲುಬು ಕಟ್ಟುವವನ ಮಗಳು ಆಸ್ಪತ್ರೆಗೆ ಹೋದರೆ ಜನ ನನ್ನ ಹತ್ತಿರ ಯಾಕೆ ಬಂದಾರು ಎಂದು ನಾನೇ ಕಟ್ಟಿದೆ. ಎಂಟನೆಯ ದಿನ ಮುಟ್ಟಿದಾಗ ಓರೆಯಾಗಿದೆ ಎಂದು ಬೆರಳಿಗೆ ಗೊತ್ತಾಯಿತು. ಆಗಲೂ ಒಯ್ಯಲಿಲ್ಲ. ಪಟ್ಟಿ ತೆಗೆದ ಮೇಲೆ ಕೈ ಯಾಕೆ ಓರೆ ಎಂದು ಮಂದಿ ಕೇಳಿದರು. ಆಡುವಾಗ ಹುಡುಗಿ ಗಂಟು ಬಿಚ್ಚಿಕೊಂಡಳು ಅಂದೆ. ಅವ್ವನಿಗೂ ಹಾಗೇ ಹೇಳಿದೆ. ನಿನಗೂ ಹೇಳಿದೆ, ಎಂಟು ವರ್ಷದ ನೀನು ನಂಬಿದೆ. ನಿನ್ನನ್ನು ನೋಡಲು ಬಂದ ಬೀಗರ ಮುಂದೆ ಉದ್ದ ತೋಳಿನ ಕುಪ್ಪಸ ಎಳೆದುಕೊಂಡು "ನಂದ ತಪ್ಪರಿ, ಸಣ್ಣಾಕಿ ಇದ್ದಾಗ ನಾನ ಬಿಚ್ಚಿಕೊಂಡಿದ್ದೆ" ಎಂದು ನೀನು ಹೇಳಿದಾಗ ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ.

ನಿನ್ನ ದಬ್ಬೆಗಳನ್ನು ಹೊಳೆಗೆ ಬಿಟ್ಟಿಲ್ಲ. ಪಟ್ಟಿ ಸಮೇತ ಅಟ್ಟದ ಮೇಲೆ ಇಟ್ಟಿದ್ದೆ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ತಿರುವಿ ನೋಡು. ಪಟ್ಟಿಯನ್ನು ಪಕ್ಕದಲ್ಲಿ ಕತ್ತರಿಸಿ ತೆಗೆದದ್ದು ನಾನು. ಗಂಟು ನಾನು ಹಾಕಿದ ಹಾಗೆಯೇ ಇದೆ. ನೀನು ಬಿಚ್ಚಿರಲಿಲ್ಲ.