ಕಣಗಿಲೆಗೆ ಕಟ್ಟಿದ ಬಿಳಿ ದಾರ

ಗುರುವಾರ, ಬೆಳಿಗ್ಗೆ

ಮುದ್ದಿನ ಪುಟ್ಟಿಗೆ,

ಅಕ್ಕನ ಪ್ರೀತಿಯ ನೆನಪುಗಳು. ನಿನ್ನ ಕಾಗದ ಬಂತು. ನಿನ್ನ ಕೇಕಿನ ಮೇಲಿನ ಕಣಗಿಲೆ ತಿಂದು ಅಪ್ಪ ತೀರಿಹೋಗಿ ಮೂರು ವಾರವಾದರೂ ನೀನಿನ್ನೂ ಸರಿಯಾಗಿ ಉಣ್ಣುತ್ತಿಲ್ಲವಂತೆ. ಊಟ ಬಿಡಬೇಡ. ಬೇಕರಿಗೆ ಬೀಗ ಬಿದ್ದಿದ್ದಕ್ಕೆ ನನಗೂ ಸಂಕಟವಾಗಿದೆ ಅಂತ ಬರೆಯಬೇಕು, ಬರೆದಿದ್ದೇನೆ.

ಹೂದೋಟ ನನ್ನದು, ಕೇಕು ನಿನ್ನದು. ತಿನ್ನಬಹುದಾದ ಹೂವಿನ ಗಿಡಕ್ಕೆ ನಾನು ಬಿಳಿ ದಾರ ಕಟ್ಟುತ್ತಿದ್ದೆ, ದಾರವಿದ್ದಲ್ಲಿ ನೀನು ಕಿತ್ತು ಕೇಕಿನ ಮೇಲಿಡುತ್ತಿದ್ದೆ. ಗುಲಾಬಿ, ದಾಸವಾಳ ಸರಿ. ಕಣಗಿಲೆ, ದತ್ತೂರಿ, ನಿತ್ಯಪುಷ್ಪ ಮುಟ್ಟಲೇಬೇಡ ಎಂದು ಹತ್ತು ವರ್ಷ ಬಾಯಿ ನೋಯುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು. ನೀನು ಹೂವನ್ನು ಯಾವತ್ತು ನೋಡಿದೆ? ದಾರವನ್ನು ನೋಡಿದೆ.

ಕಣಗಿಲೆಗೂ ದಾರ ಇತ್ತು, ಬರುವ ಸೋಮವಾರ ವಿಚಾರಣೆಗೆ ಅಧಿಕಾರಿ ಮತ್ತೆ ಬಂದಾಗ ನೀನೂ ಹಾಗೇ ಹೇಳು, ಇಲ್ಲದಿದ್ದರೆ ನನಗೆ ಜೈಲೇ ಗತಿ ಎಂದು ಬೇಡಿಕೊಂಡಿದ್ದೀಯ. ಪುಟ್ಟಿ, ಅಪ್ಪ ಹೋದ ಮರುದಿನವೇ ಅವರು ತೋಟಕ್ಕೆ ಬಂದು ಗಿಡ ನೋಡಿದರು. ದಾರ ಇರಲಿಲ್ಲ. ಇಲ್ಲದ್ದನ್ನು ಇತ್ತು ಅನ್ನಲೇ?

ಬೇಕರಿಗೆಂದು ಅಂಗಡಿಯ ಮುಂಭಾಗವನ್ನು ಅಪ್ಪ ನಿನಗೆ ಬಿಟ್ಟುಕೊಟ್ಟಾಗ ನಾನು ತೋಟಕ್ಕೆ ಹೋಗಿ ಕಳೆ ಕಿತ್ತೆ. ಬಂದವರಿಗೆಲ್ಲ "ನಮ್ಮ ಚಿಕ್ಕವಳ ಕೈಗುಣ ನೋಡಿ" ಎನ್ನುತ್ತಿದ್ದರು. ಮಣ್ಣು ಮೆತ್ತಿದ ನನ್ನ ಕೈಯನ್ನು ಯಾರಿಗೂ ತೋರಿಸಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಈಗ ಮುಚ್ಚಿಟ್ಟು ಏನಾಗಬೇಕು?

ಆದರೆ ನಿನ್ನ ಕಾಗದದ ಕೊನೆಯ ಸಾಲು ನಾಲ್ಕು ದಿನದಿಂದ ನನ್ನನ್ನು ಕೊರೆಯುತ್ತಿದೆ. ಮಾರಾಟಕ್ಕಿಟ್ಟ ಕೇಕಿನಿಂದ ಅಪ್ಪ ಹೂವು ಎತ್ತಿಕೊಂಡಾಗ, ವಾಸನೆ ಯಾಕೋ ಬೇರೆ ಅನ್ನಿಸಿ ನೀನು ತಡೆದೆಯಂತೆ. ಅವರು ನಕ್ಕು, "ದೊಡ್ಡವಳು ಕಟ್ಟಿದ ದಾರ ಕಣೇ, ಕಣ್ಣು ಮುಚ್ಕೊಂಡು ತಿನ್ನಬಹುದು" ಅಂದರಂತೆ. ನಾಲ್ಕು ಹೂವನ್ನೂ ತಿಂದರಂತೆ, ಹೃದಯದ ಕಾಯಿಲೆಯ ಮನುಷ್ಯ.

ಅದನ್ನು ನೀನು ಬರೆಯಬಾರದಿತ್ತು.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ದಾರ ಈ ಲಕೋಟೆಯಲ್ಲೇ ಇದೆ. ಕಟ್ಟಿದ್ದೂ ನಾನೇ, ಬಿಚ್ಚಿದ್ದೂ ನಾನೇ. ಯಾರೋ ಗಿರಾಕಿ ವಾಂತಿ ಮಾಡಿಕೊಂಡು ನಿನ್ನ ಹೆಸರು ಕೆಡಲಿ ಅಂದುಕೊಂಡಿದ್ದೆ. ಅಧಿಕಾರಿಗೆ ಈ ಕಾಗದ ತೋರಿಸು. ತೋರಿಸುವಾಗ ಅಪ್ಪನ ಆ ಮಾತನ್ನೂ ಹೇಳು, ಮರೆಯಬೇಡ. ಎಲ್ಲರೂ ಕೇಳಲಿ. ಅಪ್ಪ ನಂಬಿದ್ದು ನನ್ನನ್ನು.