ಕೋತ್ಸಾಲ್‌ನ ಹಸಿರು ಕುಪ್ಪಸ

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು. ಸೈನ್ಯದ ನರಮೇಧದಿಂದ ಪಾರಾದವರ ಮೊಮ್ಮಕ್ಕಳನ್ನು ಶಾಲೆಗಳಿಗೆ ಮಾತಾಡಲು ಕಳಿಸುವ ಕೆಲಸವನ್ನು ನಾನಿನ್ನೂ ಬಿಟ್ಟಿಲ್ಲ. ಕಳಿಸುವ ಮುಂಚೆ ಒಬ್ಬೊಬ್ಬರ ಕತೆಯನ್ನೂ ಜಾಲಾಡುತ್ತೇನೆ. ಒಂದು ಸುಳ್ಳು ಸಿಕ್ಕರೆ ಸಾಕು, ಎಲ್ಲವೂ ಕಟ್ಟುಕತೆ ಎನ್ನಲು ಜನ ಕಾದು ಕೂತಿದ್ದಾರೆ.

ಇವತ್ತು ಎಂಗ್ರಾಸಿಯಾ ಎಂಬ ಹುಡುಗಿ ಬಂದಿದ್ದಳು. ಅಜ್ಜಿಯ ಊರು ಗುಡ್ಡದಾಚೆಯ ಕೋತ್ಸಾಲ್ ಅಂದಳು. ಆದರೆ ಅಜ್ಜಿಯದೆಂದು ತೊಟ್ಟು ಬಂದದ್ದು ನಮ್ಮೂರು ಚಾಹುಲ್‌ನ ಕೆಂಪು ಕುಪ್ಪಸ.

“ಕೋತ್ಸಾಲ್‌ನವರು ನೇಯೋದು ಹಸಿರು. ಯಾರ ಕತೆ ಕದ್ದೆ, ಹೇಳು” ಅಂದೆ.

“ಕದ್ದಿಲ್ಲ ಅಕ್ಕಾ. ಸಿಪಾಯಿಗಳು ಕುಪ್ಪಸ ನೋಡಿ ಊರು ಕಂಡುಹಿಡಿದು, ಬೇರೆ ಊರಿನವರನ್ನ ಹಿಡ್ಕೊಂಡು ಹೋಗ್ತಿದ್ರಂತೆ. ಅಜ್ಜಿ ಚಾಹುಲ್ ದಾಟ್ಬೇಕಿತ್ತು, ಎದುರು ಸಿಕ್ಕ ಚಾಹುಲ್ ಹೆಂಗಸು ಕೋತ್ಸಾಲ್ ದಾಟ್ಬೇಕಿತ್ತು. ಗುಡ್ಡದಲ್ಲೇ ಅದಲುಬದಲು ಮಾಡ್ಕೊಂಡ್ರು. ಹೆಸರು ಕೇಳೋಕೂ ಪುರುಸೊತ್ತಿರ್ಲಿಲ್ಲ. ನೀವೂ ಸಿಪಾಯಿ ಥರಾನೇ ಕುಪ್ಪಸ ನೋಡ್ತೀರಲ್ಲ!”

ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಲು ಹಿಡಿದ ಪೆನ್ನನ್ನು ಕೆಳಗಿಟ್ಟೆ.

ನಿನ್ನ ಪೆಟ್ಟಿಗೆಯಲ್ಲೂ ಒಂದು ಹಸಿರು ಕುಪ್ಪಸವಿತ್ತು. “ಮುಟ್ಬೇಡ, ವಾಪಸ್ ಕೊಡ್ಬೇಕು” ಎನ್ನುತ್ತಿದ್ದೆ ನೀನು. ಊರಿಗೆಲ್ಲ ಪ್ರಶ್ನೆ ಹಾಕುವ ನಾನು, ಯಾರಿಗೆ ಎಂದು ಒಮ್ಮೆಯೂ ಕೇಳಲಿಲ್ಲ. ನಿನಗೆ ಇಷ್ಟದ್ದಿರಬೇಕೆಂದು ಅದನ್ನೇ ತೊಡಿಸಿ ಮಣ್ಣು ಮಾಡಿದೆ.

ಎಂಗ್ರಾಸಿಯಾಳ ಅಜ್ಜಿ ಇನ್ನೂ ಇದ್ದಾಳೆ. ಕೆಂಪು ಕುಪ್ಪಸದ ಒಡತಿಯನ್ನು ಹುಡುಕಲೆಂದೇ ಮೊಮ್ಮಗಳಿಗೆ ಅದನ್ನು ತೊಡಿಸಿ ಕಳಿಸಿದ್ದಾಳೆ.