ಗೋಡೆ ದಾಟಿದ ಗಾಳಿ

ಶಿರಸಿ,
೧೯ ಫೆಬ್ರುವರಿ ೧೯೬೧

ಪೂಜ್ಯ ವೈನಿಯವರ ಪಾದಗಳಿಗೆ ಮೈದುನ ಮಧುಕೇಶ್ವರನ ಶರಣು.

ಊರಿನಿಂದ ಬಂದು ವಾರವಾಯಿತು. ತಲುಪಿದ ಕೂಡಲೇ ಬರೆಯುತ್ತೇನೆಂದಿದ್ದೆ. ನಾಲ್ಕು ಸಲ ಬರೆದು ಹರಿದೆ. ತಡವಾದುದಕ್ಕೆ ಕ್ಷಮಿಸಬೇಕು. ಎಂದಿನಂತೆ ಅಣ್ಣ ಇದನ್ನು ನಿಮಗೆ ಓದಿ ಹೇಳುತ್ತಾನೆ. ಒಂದು ಸಾಲನ್ನೂ ಬಿಡದೆ ಓದಲಿ.

ಭತ್ತ ತೂರುವಾಗ ಹೊಟ್ಟು ಹೊಕ್ಕ ಕಣ್ಣಿನ ನೋವು ಹೇಗಿದೆ? ಡಾಕ್ಟರು ಕೊಟ್ಟ ಹನಿಯನ್ನು ದಿನಕ್ಕೆ ಮೂರು ಸಲ ಬಿಡಬೇಕು, ಮರೆಯಬೇಡಿ. ಬಲಗಣ್ಣಿಗೆ ಇನ್ನು ದೃಷ್ಟಿ ಬಾರದು ಎಂದು ಅವರು ಹೇಳಿದಾಗ ನೀವು ಎರಡನೆಯ ಸಲ ಕೇಳಲಿಲ್ಲ. ‘ಇನ್ನೊಂದು ಐತೆಲ್ರಿ. ಸೂಜಿಗೆ ದಾರ ಪೋಣಿಸಾಕ ಮಗಳು ಕಲ್ಲವ್ವ ಅದಾಳ’ ಎಂದು ನಕ್ಕಿರಿ. ಡಾಕ್ಟರು ನಗಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಊರಿಗೆ ಬರುವಾಗ ಬಸ್ಸಿನಲ್ಲಿ ಅಣ್ಣ, ‘ಇಷ್ಟು ವರ್ಷ ಕಣದಾಗ ದುಡಿದಾಕಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಾಕ ಬರೂದಿಲ್ಲೇನು?’ ಎಂದ. ‘ಬೆನ್ನು ಕೊಟ್ಟೇ ನಿಂತಿದ್ದೆನ್ರಿ’ ಎಂದಿರಿ. ‘ಎತ್ತರದ ಮೆಟ್ಟಿನ ಮ್ಯಾಲೆ ನಿಂತು ತೂರಿದವ ನಾನು. ಗಾಳಿ ಯಾವ ಕಡೀಂದ ಬರ್ತಿತ್ತು ಅಂತ ನನಗ ಗೊತ್ತಿಲ್ಲೇನು?’ ಎಂದು ಅವನು ಕಿಟಕಿಯ ಕಡೆ ತಿರುಗಿದ. ಹಿಂದಿನ ಸೀಟಿನಲ್ಲಿದ್ದ ನಾನು ನಿಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ಅದಕ್ಕಾಗಿಯೇ ಈ ಕಾಗದ.

ವೈನಿ, ನೀವು ಸರಿಯಾದ ಕಡೆಯೇ ನಿಂತಿದ್ದಿರಿ. ಅಣ್ಣ ಹೇಳಿದ್ದೂ ಸುಳ್ಳಲ್ಲ. ತಪ್ಪು ಗೋಡೆಯದು.

ಹೋದ ಬೇಸಿಗೆಯಲ್ಲಿ ಪಾಲಾದಾಗ ಕಣದ ನಡುವೆ ಗೋಡೆ ಬೇಕೆಂದವನು ನಾನು. ಮೂಡಲ ಅರ್ಧ ನನಗೆ, ಪಡುವಲ ಅರ್ಧ ಅಣ್ಣನಿಗೆ. ನನ್ನ ಗದ್ದೆ ಮಾಡುವ ಮಂಜಪ್ಪನ ಭತ್ತವೂ ನಿಮ್ಮ ಭತ್ತವೂ ಬೆರೆಯಬಾರದೆಂದು ಹಗ್ಗ ಹಿಡಿದು ಅಳೆದು ಆಳೆತ್ತರದ ಗೋಡೆಯನ್ನೇ ಹಾಕಿಸಿದೆ. ‘ಮೊಳದೆತ್ತರ ಸಾಕೋ, ತೂರೂವಾಗ ಗಾಳಿ ಬೇಕು’ ಎಂದು ಅಣ್ಣ ಹೇಳಿದ್ದ. ‘ಗಾಳಿ ಗ್ವಾಡಿ ಹತ್ತಿ ಆ ಕಡೆ ಇಳೀತೈತಿ ಬಿಡು’ ಎಂದೆ. ‘ಹತ್ತಿ ಇಳಿಯಾಕ ನಿನ್ನ ಗಾಳಿ ಏನು ಮಂಗ್ಯಾನ?’ ಎಂದು ಅವನು ನಗಾಡಿದ. ಹುಡುಗರಿಗೆ ವಿಜ್ಞಾನ ಕಲಿಸುವವನು ನಾನು. ಅವನ ಮಾತು ಲೆಕ್ಕಕ್ಕಿಲ್ಲವೆಂದುಕೊಂಡೆ.

ಹೋದ ರವಿವಾರ ಇಲ್ಲಿಗೆ ಹೊರಡುವ ಮುಂಚೆ ಕಣಕ್ಕೆ ಹೋಗಿ, ನನ್ನ ಕಡೆಯಲ್ಲಿ ಹಸಿ ಹುಲ್ಲಿಗೆ ಬೆಂಕಿ ಇಟ್ಟೆ. ಮೂಡಗಾಳಿ ಹದವಾಗಿತ್ತು. ಹೊಗೆ ಗೋಡೆಗೆ ಅಂಟಿಕೊಂಡು ಮಡಿಕೆಯಿಲ್ಲದ ಬಟ್ಟೆಯಂತೆ ಏರಿತು. ಗೋಡೆಯ ತುದಿ ಬಿಟ್ಟದ್ದೇ ತಡ, ಇಳಿಯುವ ದಾರಿ ಕಾಣಲಿಲ್ಲ ಅದಕ್ಕೆ. ಒಂದು ಮಾರು ನೆಟ್ಟಗೆ ಹೋಗಿ, ಅಂಚು ನಡುಗಿ, ಸುರುಳಿ ಸುರುಳಿಯಾಗಿ ಚೂರಾಯಿತು. ಮೇಲಿನದು ಮುಂದೆ ಹೋಯಿತು. ಕೆಳಗಿನದು ಹೊರಳಿ, ನೆಲ ಹಿಡಿದು, ಗೋಡೆಯ ಕಡೆಗೇ ಹಿಂದೆ ಬಂತು. ಗಾಳಿಯ ಗುಣವೇ ಅದು. ಮೈಗೆ ಹತ್ತಿಕೊಂಡಿರುವಷ್ಟು ಹೊತ್ತು ಸಾಫಾಗಿರುತ್ತದೆ. ಮೈ ಬಿಟ್ಟಿತೋ, ತನ್ನ ದಿಕ್ಕು ತನಗೇ ತಿಳಿಯುವುದಿಲ್ಲ.

ಅಂದು ತೂರುವಾಗ ಮೆಟ್ಟಿನ ಮೇಲಿದ್ದ ಅಣ್ಣನಿಗೆ ಮೇಲಿನ ಗಾಳಿ ಸಿಕ್ಕಿತ್ತು. ನೀವು ರಾಶಿಯ ಮೂಡಲಿಗೆ, ಗೋಡೆಗೆ ಬೆನ್ನು ಮಾಡಿ ಪೊರಕೆ ಆಡಿಸುತ್ತಿದ್ದಿರಿ. ನಿಮ್ಮ ಅತ್ತೆ, ನಮ್ಮವ್ವ, ನಿಂತಿದ್ದೂ ಅಲ್ಲಿಯೇ. ಅಲ್ಲಿ ನಿಂತವರಿಗೆ ಹೊಟ್ಟು ಎಂದೂ ತಾಗಿರಲಿಲ್ಲ. ಈ ಸಲ ಕೆಳಗಿನ ಗಾಳಿ ಹೊಟ್ಟನ್ನು ತಿರುಗಿಸಿ ನಿಮ್ಮ ಮುಖಕ್ಕೇ ತಂದಿತು. ನನ್ನ ಪಾಲಿಗೆ ನೆಟ್ಟಗಿನ ಗಾಳಿ ಉಳಿಯಿತು, ನಿಮಗೆ ಗೋಡೆ ದಾಟಿದ್ದು.

ಅಣ್ಣಾ, ಇನ್ನು ಅವರನ್ನು ಅನ್ನಬೇಡ.

ಗೋಡೆ ಕೆಡವಲು ಮಂಜಪ್ಪನಿಗೆ ಹೇಳಿದ್ದೇನೆ. ಮಣ್ಣನ್ನು ಕಣಕ್ಕೇ ಹರಡಲಿ. ಎಂಟು ವರ್ಷದ ತಬ್ಬಲಿಗೆ ತುತ್ತು ಮಾಡಿ ಉಣಿಸಿದವರು ನೀವು. ನನ್ನನ್ನು ಹರಸಿ ಎಂದು ಕೇಳುವ ಮುಖ ಈಗ ನನಗಿಲ್ಲ. ಕಲ್ಲವ್ವನಿಗೆ ನನ್ನ ಆಶೀರ್ವಾದ. ಅವಳ ಕಣ್ಣು ತಣ್ಣಗಿರಲಿ.

ನಿಮ್ಮ ಮೈದುನ,
ಮಧುಕೇಶ್ವರ

ಮರೆತ ಮಾತು: ಮರೆತದ್ದಲ್ಲ. ಹೊಗೆಯನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಸುಗ್ಗಿಗೆ ಮುಂಚೆ, ಕಾರ್ತಿಕದಲ್ಲಿ, ಮಂಜಪ್ಪ ಗೋಡೆಯ ಬುಡದಲ್ಲಿ ಕಸ ಸುಡುತ್ತಿದ್ದ. ‘ಮಾಸ್ತರ್ರ, ಹೊಗಿ ತಿರುಗಿ ಗ್ವಾಡಿಗೇ ಬರಾಕತ್ತೈತಲ್ರಿ! ನಿಮ್ಮ ಅಣ್ಣಾರು ಆ ಕಡೆ ಹೆಂಗ ತೂರತಾರ?’ ಎಂದು ಕೇಳಿದ. ನನಗೂ ಕಂಡಿತ್ತು. ಹೇಳಿದರೆ ಅಣ್ಣನ ಮುಂದೆ ನನ್ನ ಮಾತು ಸುಳ್ಳಾಗುತ್ತಿತ್ತು. ‘ನಿನ್ನ ಕೆಲಸ ನೋಡು’ ಎಂದು ಅವನ ಬಾಯಿ ಮುಚ್ಚಿಸಿ ಬಸ್ಸು ಹತ್ತಿದೆ. ಅಣ್ಣಾ, ಇದನ್ನೂ ಅವರಿಗೆ ಓದಿ ಹೇಳು.